ಕೋಡಿ ಬಿದ್ದ ವರ್ಷದ ಸರ್ಟಿಫಿಕೇಟು

ಮೊನ್ನೆ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆನೋ ಇಲ್ಲವೋ, ಎದುರಿನ ಗಾಡಿಯ ಬಾಣಲೆಯಿಂದ ಮೆಣಸಿನಕಾಯಿ ಕರಿಯುವ ಘಾಟು ಎದ್ದು ಬಂದು ಸೀದಾ ಮೂಗಿಗೆ ಹೊಡೆಯಿತು. ಸೀನಿದ್ದೇ ಸೀನಿದ್ದು. ಗಾಡಿಯವನು ನಗುತ್ತಾ, ‘ಏನಕ್ಕ, ಇವತ್ತು ಡ್ಯೂಟಿ ಇಲ್ವಾ?’ ಅಂದ. ನಾನು ಹಿರಿಯೂರು ಡಿಪೋದ ಬಸ್ ಕಂಡಕ್ಟರ್. ಖಾಕಿ ಬಿಟ್ಟು ಸೀರೆ ಉಟ್ಟರೆ ನನ್ನ ಗಂಡನಿಗೇ ಒಂದು ಕ್ಷಣ ಗುರುತು ಹತ್ತುವುದಿಲ್ಲ, ಇವನಿಗೆ ಹತ್ತಿತು. ಒಂದು ವರ್ಷ ಪೂರ್ತಿ, ತಿಂಗಳಿಗೊಂದು ಶನಿವಾರ ಸಂಜೆ, ಇದೇ ಗಾಡಿಯ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಹಿಡಿದು ಚರ್ಚಿನ ಹಿಂದಿನ ಕಲ್ಲಿನ ಹಾಲಿಗೆ ಓಡುತ್ತಿದ್ದೆನಲ್ಲ. ಆ ಘಾಟಿನ ಜೊತೆಗೇ ಆ ವರ್ಷ ಇಡಿಯಾಗಿ ನುಗ್ಗಿ ಬಂತು. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ಅದು.

ನಾನು ಹುಟ್ಟಿದ್ದು ಮಾರಿಕಣಿವೆಯ ಕೆಳಗೆ, ಕಾಲುವೆ ಪಕ್ಕದ ಕ್ಯಾಂಪಿನಲ್ಲಿ. ಅಣೆಕಟ್ಟು ಕಟ್ಟುವಾಗ ಕಲ್ಲು ಕೆಲಸಕ್ಕೆ ಬಂದ ಹಿರಿಯರು ಅಲ್ಲೇ ಉಳಿದರು, ಒಂದು ಪುಟ್ಟ ಗುಡಿ ಕಟ್ಟಿಕೊಂಡರು. ನಾವು ಕಥೋಲಿಕರಾದರೂ ಅದನ್ನು ಚರ್ಚು ಅಂದವರಿಲ್ಲ, ಗುಡಿ ಅಂತಲೇ ಕರೆದದ್ದು. ನಮ್ಮ ಫಾದರ್ ಇರುವುದು ಹಿರಿಯೂರಿನಲ್ಲಿ. ಅವರಿಗೆ ಸುತ್ತ ಇಂಥ ಎಷ್ಟೋ ಗುಡಿಗಳು, ಹಾಗಾಗಿ ಕ್ಯಾಂಪಿಗೆ ಬರುತ್ತಿದ್ದುದು ತಿಂಗಳಿಗೊಂದು ಭಾನುವಾರ. ಮಿಕ್ಕ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಹಳೆಯ ಉಪದೇಶಿ ತಾತ ತೀರಿಕೊಂಡ ಮೇಲೆ ಬಾಗಿಲಿಗೆ ಬೀಗ. ಆ ಜನವರಿಯಲ್ಲಿ ಫಾದರ್ ಖಡಾಖಂಡಿತವಾಗಿ ಹೇಳಿಬಿಟ್ಟರು: ‘ಈ ವರ್ಷದೊಳಗೆ ನಿಮ್ಮಲ್ಲೊಬ್ಬರು ತರಬೇತಿ ಮುಗಿಸಿ ಸರ್ಟಿಫಿಕೇಟು ತಗೊಂಡ್ರೆ ಸರಿ. ಇಲ್ಲಾಂದ್ರೆ ಇಲ್ಲಿಯ ಭಾನುವಾರ ನಿಲ್ಲಿಸ್ತೀನಿ, ಎಲ್ರೂ ಹಿರಿಯೂರಿಗೇ ಬರ್ರಿ.’

ಹಿರಿಯೂರಿಗೆ ಬರುವುದು ಹೇಗೆ? ಭಾನುವಾರ ಆ ರೂಟಿನಲ್ಲಿ ಬೆಳಗಿನ ಟ್ರಿಪ್ಪೇ ಇಲ್ಲ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕ್ಯಾಂಪಿನಲ್ಲಿ ಉಳಿದವರಲ್ಲಿ ಮುಕ್ಕಾಲು ಪಾಲು ಮಂಡಿ ನೋವಿನವರು. ಗುಡಿ ಮುಚ್ಚಿದರೆ ಅವರ ಪಾಲಿಗೆ ದೇವರ ಬಾಗಿಲೇ ಮುಚ್ಚಿದಂತೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಲೂರ್ದಮ್ಮ, ಕಾಲುವೆ ಆಚೆಯ ತೋಟದ ಮನೆಯ ಮುದುಕಿ, ನನ್ನ ಕಡೆ ಕೈ ತೋರಿಸಿ ತೀರ್ಪು ಕೊಟ್ಟಳು. ‘ಫಿಲೋಮಿನ ಹೋಗ್ಲಿ. ಹಿರಿಯೂರಾಗೆ ಕೂಗಿದ್ರೆ ಹೊಸದುರ್ಗದಾಗೆ ಕೇಳ್ಸುತ್ತೆ ಅವಳ ಗಂಟ್ಲು.’

ಗಂಟಲೇ ಅರ್ಹತೆ ಅಂದುಕೊಂಡು ಕುಣಿಯುತ್ತಾ ಚಿತ್ರದುರ್ಗಕ್ಕೆ ಹೋದೆ. ಗುರುಗಳು, ಅಂದರೆ ಫಾದರುಗಳೂ ಅಲ್ಲದ, ಸಿಸ್ಟರುಗಳೂ ಅಲ್ಲದ ನಮ್ಮಂಥವರನ್ನು ಕ್ರೈಸ್ತ ಸಭೆಯಲ್ಲಿ ಶ್ರೀಸಾಮಾನ್ಯರು ಅನ್ನುತ್ತಾರೆ. ಅಂಥವರಿಗೆ ಓದಿಸಿ, ಪರೀಕ್ಷೆ ಮಾಡಿ, ಗುರುಗಳು ಬರಲಾಗದ ಊರಿನಲ್ಲಿ ಭಾನುವಾರದ ಆರಾಧನೆ ನಡೆಸಲು ಅಧಿಕಾರ ಕೊಟ್ಟು ಕಳಿಸುವ ಕೋರ್ಸು ಅದು. ನಡೆಸುತ್ತಿದ್ದವರು ಸಿಸ್ಟರ್ ಬೆನೆಡಿಕ್ಟಾ. ಮಂಗಳೂರು ಕಡೆಯವರು, ಇಸ್ತ್ರಿ ಹಾಕಿದಂಥ ಕನ್ನಡ. ಮೊದಲ ದಿನವೇ ನಮ್ಮ ಉತ್ಸಾಹದ ಮೇಲೆ ತಣ್ಣೀರು ಸುರಿದರು. ‘ಒಳ್ಳೆಯ ಮನಸ್ಸು ಇದೆ ಎಂದು ಬಂದಿದ್ದೀರಿ. ಸಂತೋಷ. ಒಳ್ಳೆಯ ಮನಸ್ಸಿನ ಕಾಂಪೌಂಡರ್ ಕೈಯಿಂದ ನೀವು ಆಪರೇಷನ್ ಮಾಡಿಸಿಕೊಳ್ಳುತ್ತೀರಾ?’ ಅವರೇ ಮುಂದುವರಿಸಿದರು. ‘ಜನರ ಪ್ರಾಣ ಆಸ್ಪತ್ರೆಯಲ್ಲಿ ಎಷ್ಟು ದೊಡ್ಡದೋ, ಅವರ ಆತ್ಮ ಇಲ್ಲಿ ಅಷ್ಟೇ ದೊಡ್ಡದು. ಆದ್ದರಿಂದ ಇಲ್ಲಿಯೂ ಮಾನದಂಡ ಇದೆ.’

ನನಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಎದ್ದು ನಿಂತು ಸಿಳ್ಳೆ ಹೊಡೆಯಬೇಕು ಅನ್ನಿಸಿತು. ಬಸ್ಸಿನಲ್ಲಿ ನನಗೂ ಲೈಸೆನ್ಸು ಉಂಟು, ಬ್ಯಾಡ್ಜು ಉಂಟು. ಬ್ಯಾಡ್ಜಿಲ್ಲದವನು ಎಷ್ಟೇ ಒಳ್ಳೆಯವನಾದರೂ ಟಿಕೆಟ್ ಮಿಷನ್ ಮುಟ್ಟುವ ಹಾಗಿಲ್ಲ. ದೇವರ ಕೆಲಸಕ್ಕೆ ಬಂದಾಗ ಮಾತ್ರ ಯಾರು ಬೇಕಾದರೂ ಆಗುತ್ತೆ ಅಂದುಕೊಂಡಿದ್ದೆವಲ್ಲ, ಎಂಥ ಉಡಾಫೆ ಅದು!

ಬೈಬಲ್ಲು, ಆರಾಧನೆಯ ಕ್ರಮ, ಮಕ್ಕಳ ಸುರಕ್ಷೆ, ದುಃಖದಲ್ಲಿರುವವರ ಮನೆಯಲ್ಲಿ ಏನು ಮಾತಾಡಬಾರದು, ಎಲ್ಲ ಇತ್ತು. ನನಗಂತೂ ಹಬ್ಬ. ಎಸ್ಸೆಸ್ಸೆಲ್ಸಿಯ ನಂತರ ಯಾರೂ ನನ್ನನ್ನು ಕೂರಿಸಿ ಏನನ್ನೂ ಕಲಿಸಿರಲಿಲ್ಲ. ಡಿಪೋದಲ್ಲಿ ಡ್ಯೂಟಿ ಅದಲು ಬದಲು ಮಾಡಿಕೊಂಡು, ಬಬ್ಬೂರು ಫಾರಂನಲ್ಲಿ ಕೆಲಸಕ್ಕಿರುವ ಗಂಡನ ತಲೆಗೆ ಅಡುಗೆ ಕಟ್ಟಿ, ಐಮಂಗಲ ದಾಟುವಾಗಲೇ ಪುಸ್ತಕ ಬಿಚ್ಚುತ್ತಿದ್ದೆ. ಜೊತೆಯ ಡ್ರೈವರುಗಳು, ‘ಅಕ್ಕ, ನಮ್ಮ ಪಾಪಕ್ಕೂ ಒಂದು ಪಾಸ್ ಮಾಡ್ಸು’ ಎಂದು ರೇಗಿಸುತ್ತಿದ್ದರು. ನನ್ನ ಪಕ್ಕದ ಬೆಂಚು ಹೊಳಲ್ಕೆರೆಯ ಜೋಸೆಫ್ ಮೇಷ್ಟ್ರದು. ರಿಟೈರಾದ ಹೈಸ್ಕೂಲ್ ಮೇಷ್ಟ್ರು, ಮೂರು ಮಾತಿಗೊಂದು ಪ್ರಶ್ನೆ ಕೇಳದಿದ್ದರೆ ಅವರಿಗೆ ಊಟ ಇಳಿಯದು. ನನ್ನ ಮೊದಲ ವಾಚನದ ದಿನ, ಇಸ್ರಾಯೇಲ್ ಜನ ಸಮುದ್ರ ದಾಟುವ ಭಾಗವನ್ನು ನಾನು ತಾರಕದಲ್ಲಿ ಓದಿ ಮುಗಿಸಿದಾಗ ಹಾಲಿನ ಹೆಂಚು ಅದುರುತ್ತಿತ್ತು. ಸಿಸ್ಟರ್ ತಣ್ಣಗೆ ಹೇಳಿದರು: ‘ಫಿಲೋಮಿನಾ, ದೇವರು ಅವರನ್ನು ಸಮುದ್ರ ದಾಟಿಸುತ್ತಿದ್ದಾನೆ. ನೀವು ಬಸ್ಸಿಗೆ ಹತ್ತಿಸುತ್ತಿದ್ದೀರಿ.’ ಮೇಷ್ಟ್ರು ನಕ್ಕ ನಗೆಗೆ ಅವರ ಕನ್ನಡಕ ಬಿತ್ತು.

ಹೀಗೆ ನಗುತ್ತಾ, ಬೈಸಿಕೊಳ್ಳುತ್ತಾ ಬೇಸಿಗೆ ಕಳೆಯಿತು. ಆಮೇಲೆ ಶುರುವಾಯಿತು ನೋಡಿ ಮಳೆ. ನಮ್ಮ ಸೀಮೆಯಲ್ಲಿ ಮಳೆ ಅಂದರೆ ಯಾವಾಗಲೂ ಬಂದ ಹಾಗೆ ಮಾಡಿ ಹೋಗುವ ನೆಂಟ. ಆ ವರ್ಷ ಬಂದವನು ಹೋಗಲೇ ಇಲ್ಲ. ಭರಮಸಾಗರದ ಕೆರೆ ತುಂಬಿತಂತೆ, ಹೊಸದುರ್ಗದ ಕಡೆ ಹಳ್ಳ ಉಕ್ಕಿತಂತೆ ಎಂದು ದಿನಕ್ಕೊಂದು ಸುದ್ದಿಯನ್ನು ಪ್ಯಾಸೆಂಜರುಗಳು ಬಸ್ಸಿಗೆ ಹೊತ್ತು ತರುತ್ತಿದ್ದರು. ಒಂದು ಬೆಳಿಗ್ಗೆ ಇಡೀ ಬಸ್ಸೇ ಕೂಗಿತು: ಮಾರಿಕಣಿವೆ ಕೋಡಿ ಬಿತ್ತು! ನಮ್ಮ ಅಜ್ಜಂದಿರ ಕಾಲದಲ್ಲಿ ಬಿದ್ದಿತ್ತು ಎಂದು ಕೇಳಿದ್ದೆವಷ್ಟೆ. ಜಾತ್ರೆಗಿಂತ ಹೆಚ್ಚಿನ ಜನ. ಬಸ್ಸಿನ ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ನೇತಾಡಿಕೊಂಡು ಟಿಕೆಟ್ ಕೊಟ್ಟೆ. ಇಳಿದು ನೋಡಿದರೆ ಕೋಡಿಯ ಮೇಲಿಂದ ನೀರು ಬೆಳ್ಳಗೆ ಧುಮುಕುತ್ತಿತ್ತು. ಗುರುತಿಲ್ಲದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಿದ್ದರು. ನಾನೂ ಯಾರನ್ನೋ ತಬ್ಬಿಕೊಂಡೆ.

ಆ ಸಂಭ್ರಮದ ನಡುವೆಯೇ ನನ್ನ ಕೊನೆಯ ಪರೀಕ್ಷೆ ಬಂತು. ಬರಹದ ಪರೀಕ್ಷೆಗಳು ಮುಗಿದಿದ್ದವು. ಇನ್ನುಳಿದದ್ದು ಕ್ಯಾಂಪಿನ ಗುಡಿಯಲ್ಲಿ ಒಂದು ಭಾನುವಾರ ಆರಾಧನೆಯನ್ನು ಒಬ್ಬಳೇ ನಡೆಸುವುದು. ಸಿಸ್ಟರ್ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ‘ನಾನು ಅಲ್ಲಿ ಇಲ್ಲವೆಂದೇ ತಿಳಿಯಿರಿ. ನೋಡಲು ಬಂದವರು ನಡುವೆ ಕೈ ಹಾಕಿದರೆ ಪರೀಕ್ಷೆ ರದ್ದು’ ಎಂದಿದ್ದರು. ಫಾದರ್ ಹಿಂದಿನ ದಿನವೇ ಬಂದು ಪೀಠದ ಪೆಟ್ಟಿಗೆಯಲ್ಲಿ ಪರಮಪ್ರಸಾದ ಇಟ್ಟು ಹೋಗಿದ್ದರು. ಆ ಒಂದು ದಿನ, ಆ ಗುಡಿಯೊಳಗೆ ಮಾತ್ರ ಅದನ್ನು ಹಂಚಲು ನನಗೆ ಅನುಮತಿ.

ಪರಮಪ್ರಸಾದ ಅಂದರೆ ನೋಡಲು ತೆಳ್ಳಗಿನ ಗೋಧಿಯ ಬಿಲ್ಲೆ. ನಮ್ಮ ನಂಬಿಕೆಯಲ್ಲಿ ಅದು ಸಾಕ್ಷಾತ್ ಕ್ರಿಸ್ತನ ಶರೀರ. ಕೈಯಲ್ಲಿ ಪಡೆದವರು ಅಲ್ಲೇ, ಕೊಟ್ಟವರ ಎದುರಿಗೇ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೋ ಇಲ್ಲವೋ ನೋಡುವುದು ಹಂಚುವವರ ಹೊಣೆ. ಸಿಸ್ಟರ್ ಇದನ್ನು ನಮಗೆ ಅರೆದು ಕುಡಿಸಿದ್ದರು.

ಗುಡಿ ತುಂಬಿತ್ತು. ದನಿಯನ್ನು ಹಗ್ಗ ಹಾಕಿ ಹಿಡಿದುಕೊಂಡು ಓದಿದೆ. ಪ್ರಬೋಧನೆಯಲ್ಲಿ ಕೋಡಿಯ ಮಾತು ಹೇಳಿದೆ, ಜನ ತಲೆದೂಗಿದರು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗುತ್ತಿತ್ತು. ಪರಮಪ್ರಸಾದಕ್ಕೆ ಸಾಲು ಬಂತು. ಲೂರ್ದಮ್ಮ ಎಡಗೈ ಮೇಲೆ ಬಲಗೈ ಬೊಗಸೆ ಮಾಡಿ ಪಡೆದಳು, ಕಣ್ಣಿಗೊತ್ತಿಕೊಂಡಳು, ತಿರುಗಿದಳು. ಆ ಕೈ ಬಾಯಿಗೆ ಹೋಗಲಿಲ್ಲ, ಸೆರಗಿನ ತುದಿಗೆ ಹೋಯಿತು. ಇಷ್ಟು ವರ್ಷ ಬಸ್ಸಿನಲ್ಲಿ ಜನರ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿಯೇ ಬದುಕಿದವಳು ನಾನು, ನನ್ನ ಕಣ್ಣು ತಪ್ಪಿಸಲು ಸಾಧ್ಯವೇ? ಗಂಟು ಹಾಕಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿಯೇಬಿಟ್ಟಳು.

ಸಿಸ್ಟರಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದೆ ಹೋಗಬಹುದು, ಸರ್ಟಿಫಿಕೇಟೂ ಸಿಗಬಹುದು. ಬಸ್ ನಿಲ್ಲಿಸುವ ಹಾಗೆ ಹೋಲ್ಡಾನ್ ಎಂದು ಕೂಗಿದರೆ ಮುದುಕಿಯ ಮಾನ ಹೋಗುತ್ತದೆ. ನನಗೇ ಗೊತ್ತಿರದ ಒಂದು ಮೆಲುದನಿ ಆ ದಿನ ನನ್ನ ಗಂಟಲಿನಿಂದ ಬಂತು. ‘ಲೂರ್ದಮ್ಮ, ಅಲ್ಲೇ ಬೆಂಚಿನ ಮೇಲೆ ಕುಂತ್ಕ. ನಾನ್ ಬರ್ತೀನಿ.’

ಸಾಲು ಮುಗಿಸಿ, ಎಲ್ಲರೂ ಹಾಡುತ್ತಿರುವಾಗ ಬಟ್ಟಲು ಹಿಡಿದು ಅವಳ ಪಕ್ಕ ಹೋಗಿ ಕೂತೆ. ‘ಯಾಕಜ್ಜಿ?’

‘ನಮ್ಮ ಯಜಮಾನ್ರಿಗೆ ಕಣೆ, ನಿಮ್ಮ ತಾತಂಗೆ. ಬಿದ್ದು ಸೊಂಟ ಹೋದಾಗಿಂದ ಗುಡಿ ಕಂಡಿಲ್ಲ ಅವ್ರು. ಪಕ್ಕದ ಗೌಡ್ರು ಮನೇರು ಮಠಕ್ಕೆ ಹೋದ್ರೆ ಮನ್ಯಾಗೆ ಮಲಗಿರೋರಿಗೂ ಪ್ರಸಾದ ತರ್ತಾರೆ. ನಮ್ಮ ಸಾಮಿ ಪ್ರಸಾದ ಬರೀ ನಡಿಯೋರಿಗಷ್ಟೇ ಏನು?’

‘ಫಾದರ್‌ಗೆ ಒಂದ್ ಮಾತು ಹೇಳ್ಬೋದಿತ್ತಲ್ಲ, ಮನೆಗೇ ತರೋರು.’

‘ಅವ್ರು ಜೀಪ್ ಇಳಿಯೋದ್ರಾಗೆ ಇನ್ನೊಂದ್ ಗುಡಿಗೆ ಹೊತ್ತಾಗಿರುತ್ತೆ. ಯಾವಾಗ ಹೇಳ್ಲಿ?’

ನನಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ನಗುವೂ ಬಂತು. ಎಂಥ ಸರಿಯಾದ ತಪ್ಪು! ಈ ಸೀಮೆಯವಳಲ್ಲದೆ ಇನ್ಯಾರು ಮಾಡಿಯಾರು? ‘ಗಂಟು ಬಿಚ್ಚಜ್ಜಿ. ಇದನ್ನ ಹಿಂಗೆ ಸೆರಗಿನಾಗೆ ಕಟ್ಕಂಡು ಹೋಗಂಗಿಲ್ಲ. ಆದ್ರೆ ತಾತಂಗೆ ಇವತ್ತೇ ಸಿಗುತ್ತೆ, ನಾನ್ ಮಾತು ಕೊಡ್ತೀನಿ’ ಎಂದೆ. ಅವಳು ಬಿಚ್ಚಿ ಕೊಟ್ಟಳು.

ಮಾತೇನೋ ಕೊಟ್ಟೆ, ಒಯ್ಯುವುದು ಹೇಗೆ? ಕಾಯಿಲೆಯವರ ಮನೆಗೆ ಪರಮಪ್ರಸಾದ ಒಯ್ಯಲು ಬೇರೆಯೇ ಅಧಿಕಾರ ಬೇಕು, ಅದು ನನಗಿರಲಿಲ್ಲ. ಫಾದರಿಗೆ ಫೋನ್ ಮಾಡಿದರೆ ಸಿಗಲಿಲ್ಲ. ಆ ಅಧಿಕಾರ ಇದ್ದವರು ಗುಡಿಯಲ್ಲಿ ಒಬ್ಬರೇ, ಅವರು ಅಲ್ಲಿ ಇಲ್ಲವೆಂದೇ ತಿಳಿಯಬೇಕಾದವರು. ಕರೆದರೆ ಪರೀಕ್ಷೆ ರದ್ದು. ರದ್ದಾದರೆ ಕ್ಯಾಂಪಿನ ಭಾನುವಾರವೂ ರದ್ದು. ಬಟ್ಟಲನ್ನು ಪೀಠದ ಮೇಲಿಟ್ಟೆ. ಆಮೇಲೆ ಹಿಂದಿನ ಬೆಂಚಿನ ಮುಂದೆ ಹೋಗಿ ನಿಂತೆ. ‘ಸಿಸ್ಟರ್, ನಂಗೆ ಅಧಿಕಾರ ಇಲ್ಲ, ನಿಮಗೈತೆ. ಏಳ್ರಿ, ಹೋಗಾಣ.’

ಸಿಸ್ಟರ್ ಪೆನ್ನನ್ನು ಮುಚ್ಚಿದರು. ಪರಮಪ್ರಸಾದ ಒಯ್ಯುವ ಪುಟ್ಟ ಕರಡಿಗೆಯನ್ನು ಚೀಲದಿಂದ ತೆಗೆದುಕೊಂಡು ಎದ್ದರು.

ನಾವಿಬ್ಬರು ಹೊರಟರೆ ಇಡೀ ಗುಡಿಯೇ ಹಿಂದೆ ಹೊರಟಿತು. ಕಾಲುವೆಯ ದಂಡೆ ಮೇಲೆ, ಈರುಳ್ಳಿ ಹೊಲದ ಬದುವಿನಲ್ಲಿ, ಮೊಣಕಾಲು ಹಿಡಿದುಕೊಂಡವರೂ ಕೋಲೂರಿದವರೂ ಹಾಡುತ್ತಾ ಸಾಲಾಗಿ ನಡೆದರು. ಸಿಸ್ಟರ್ ಎರಡೂ ಕೈಯಲ್ಲಿ ಆ ಕರಡಿಗೆ ಹಿಡಿದು ಕೆಸರಿನಲ್ಲಿ ಚಪ್ಪಲಿ ಬಿಟ್ಟೇ ನಡೆದರು. ದೂರದಲ್ಲಿ ಕೋಡಿಯ ನೀರಿನ ಮೊರೆತ. ನನಗೆ ರೆಕ್ಕೆ ಬಂದ ಹಾಗಿತ್ತು. ಪರೀಕ್ಷೆ ನೆಗೆದು ಬಿತ್ತು ಎಂದು ಗೊತ್ತಿದ್ದೂ ಅಷ್ಟು ಖುಷಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಲೂರ್ದಮ್ಮನ ಗಂಡ ಸವರಪ್ಪ ತಾತ ಕಾಲುವೆಗೆ ನೀರು ಬಿಡುವ ನೀರುಗಂಟಿಯಾಗಿದ್ದವರು. ಬಾಗಿಲ ತುಂಬ ಜನ ಕಂಡು ಗಾಬರಿಯಾಗಿ, ‘ನಾನೇನ್ ಸತ್ತೋದ್ನಾ?’ ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಎತ್ತಿ ದಿಂಬಿಗೆ ಒರಗಿಸಿದೆವು. ಸಿಸ್ಟರ್ ಕೈಯಿಂದ ಪರಮಪ್ರಸಾದ ಪಡೆದು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಬಿಟ್ಟ ಮೇಲೆ ಕೇಳಿದ್ದು ಒಂದೇ ಪ್ರಶ್ನೆ. ‘ಕೋಡಿ ನೋಡಿದ್ರೇನ್ರಿ ಸಿಸ್ಟ್ರೇ?’ ಇಲ್ಲ ಎಂದರು ಸಿಸ್ಟರ್. ‘ನೋಡ್ರಿ. ನೋಡ್ಕಂಡು ಬಂದು ನಂಗೂ ಹೇಳ್ರಿ.’ ನಮ್ಮನ್ನು ವರ್ಷವಿಡೀ ನಡುಗಿಸಿದ ಸಿಸ್ಟರ್ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು. ಅದೇ ಮಧ್ಯಾಹ್ನ ಹೋಗಿ ನೋಡಿಕೊಂಡು, ಸೆರಗೆಲ್ಲ ತೋಯಿಸಿಕೊಂಡು ವಾಪಸು ಬಂದು ಅವರ ಮಂಚದ ಪಕ್ಕ ಕೂತು ಹೇಳಿದರೂ ಕೂಡ.

ಮುಂದಿನ ವಾರ ಚಿತ್ರದುರ್ಗದ ಹಾಲಿನಲ್ಲಿ ಮೂವರ ಮುಂದೆ ನನ್ನ ವಿಚಾರಣೆ. ಜೋಸೆಫ್ ಮೇಷ್ಟ್ರು ಬಾಗಿಲಲ್ಲೇ ಕಿವಿಯಲ್ಲಿ, ‘ಕೇಳಿದ್ದಕ್ಕಷ್ಟೇ ಉತ್ತರ ಕೊಡು, ನಿನ್ನ ಪುರಾಣ ಬಿಚ್ಚಬ್ಯಾಡ’ ಎಂದರು. ಒಳಗೆ ಹೋದರೆ ಸಿಸ್ಟರ್ ಕುರ್ಚಿಯಿಂದ ಎದ್ದು ನಿಂತರು. ‘ನಾನು ಇಲ್ಲಿ ಕೂರುವುದು ಸರಿಯಲ್ಲ. ಅಳೆಯಲು ಹೋದವಳು ಜೊತೆಗೆ ನಡೆದುಬಿಟ್ಟೆ.’ ಹೀಗೆಂದು ಬಂದು ನನ್ನ ಬೆಂಚಿನಲ್ಲಿ, ನನ್ನ ಪಕ್ಕ ಕೂತರು. ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ, ಆದರೆ ಕ್ಯಾಂಪಿಗೆ ಬೇಕಿತ್ತಲ್ಲ.

ಎದುರಿಗಿದ್ದ ಹಿರಿಯ ಗುರುಗಳು ಇಂಥ ಕೋರ್ಸುಗಳ ನಿರ್ದೇಶಕರು. ನಗುವುದನ್ನು ಮರೆತಂಥ ಮುಖ. ‘ಮನೆ ಹತ್ತಿರವೇ ಇತ್ತು, ಪರಮಪ್ರಸಾದ ಕೈಯಲ್ಲೇ ಇತ್ತು. ನೀವೇ ಒಯ್ದಿದ್ದರೆ ಪರೀಕ್ಷೆ ರದ್ದಾಗುತ್ತಿರಲಿಲ್ಲ ಎನ್ನಿಸಲಿಲ್ಲವೇ?’ ಎಂದು ಕೇಳಿದರು.

‘ಅನ್ನಿಸ್ತು ಸ್ವಾಮಿ. ಆದ್ರೆ ಬ್ಯಾಡ್ಜಿಲ್ದೆ ಟಿಕೆಟ್ ಕೊಡಂಗಿಲ್ಲ.’

‘ಹಾಗಾದರೆ ಸುಮ್ಮನೆ ಬಿಡಬಹುದಿತ್ತು. ಇನ್ನೊಂದು ದಿನ ನೋಡಬಹುದಿತ್ತು.’

‘ಪ್ಯಾಸೆಂಜರ್‌ನ ರೋಡ್ನಾಗೆ ಬಿಟ್ಟು ಹೋಗಂಗೂ ಇಲ್ಲ ಸ್ವಾಮಿ.’

ಅವರು ಪಕ್ಕದವರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಆಮೇಲೆ ತೀರ್ಮಾನ ಬಂತು: ನಿಯಮ ನಿಯಮವೇ, ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಬರುವ ಭಾನುವಾರ ಅವರೇ ಖುದ್ದಾಗಿ ಬಂದು ನೋಡುತ್ತಾರೆ. ಅದರಾಚೆಯ ಭಾನುವಾರ ಕ್ರಿಸ್ತರಾಜನ ಹಬ್ಬ, ಅಂದೇ ಬಿಷಪ್ಪರು ಸರ್ಟಿಫಿಕೇಟು ಕೊಡುವುದು. ಎಡವಿದರೆ ಮುಂದಿನ ವರ್ಷ.

ಸುದ್ದಿ ನನಗಿಂತ ಮುಂಚೆ ಕ್ಯಾಂಪು ಮುಟ್ಟಿತ್ತು. ತನ್ನಿಂದಲೇ ಹೀಗಾಯಿತು ಎಂದು ಲೂರ್ದಮ್ಮ ಊಟ ಬಿಟ್ಟಿದ್ದಾಳೆ ಎಂದು ಯಾರೋ ಬಸ್ಸಿನಲ್ಲೇ ಹೇಳಿದರು. ಭಾನುವಾರ ನಿರ್ದೇಶಕರು ಹಿಂದಿನ ಬೆಂಚಿನಲ್ಲಿ ಕೂತರು. ಪರಮಪ್ರಸಾದದ ಹೊತ್ತಿಗೆ ಸಾಲಿನ ಮೊದಲಿಗೇ ಲೂರ್ದಮ್ಮ. ಪಡೆದಳು, ಕಣ್ಣಿಗೊತ್ತಿಕೊಂಡಳು, ನನ್ನೆದುರಿಗೇ ಬಾಯಿಗೆ ಹಾಕಿಕೊಂಡಳು. ನುಂಗಿದಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಹಿಂದಿನ ಬೆಂಚಿನ ಕಡೆ ತಿರುಗಿ, ಡಾಕ್ಟರಿಗೆ ತೋರಿಸುವ ಹಾಗೆ ನಾಲಿಗೆ ಚಾಚಿ ಬಾಯಿ ದೊಡ್ಡದಾಗಿ ತೆರೆದಳು. ‘ಆ!’

ಅವಳ ಹಿಂದಿನವನೂ ಪಡೆದ, ನುಂಗಿದ, ತಿರುಗಿ ಬಾಯಿ ತೆರೆದ. ಅವನ ಹಿಂದಿನವಳೂ. ಇಡೀ ಕ್ಯಾಂಪು ಮಾತಾಡಿಕೊಂಡೇ ಬಂದಿತ್ತು! ಹಲ್ಲಿದ್ದವರು, ಇಲ್ಲದವರು, ಎಲೆ ಅಡಿಕೆ ಹಾಕಿ ಕೆಂಪಾದವರು, ಒಬ್ಬೊಬ್ಬರೂ ನಿರ್ದೇಶಕರಿಗೆ ತಮ್ಮ ಖಾಲಿ ಬಾಯಿಯ ದರ್ಶನ ಮಾಡಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ಎತ್ತಲು ಧೈರ್ಯವಿಲ್ಲದೆ ಬಟ್ಟಲನ್ನೇ ನೋಡುತ್ತಾ ಕೊಡುತ್ತಾ ಹೋದೆ. ಸಾಲಿನ ಕೊನೆಯಲ್ಲಿ ಒಂದು ಸುಕ್ಕುಗಟ್ಟಿದ ಬಿಳಿ ಅಂಗೈ ಮುಂದೆ ಬಂತು. ನೋಡಿದರೆ ನಿರ್ದೇಶಕರು. ಪೀಠದ ಮುಂದೆ ನಿಂತು ಸಾವಿರಾರು ಜನರಿಗೆ ಕೊಟ್ಟ ಕೈ, ನನ್ನಿಂದ ಪಡೆಯಲು ಚಾಚಿತ್ತು. ಕೊಟ್ಟೆ. ಅವರು ನುಂಗಿದರು. ಹೋಗಲಿಲ್ಲ, ಅಲ್ಲೇ ನಿಂತರು. ಆ ನಗು ಮರೆತ ಮುಖ ನಿಧಾನಕ್ಕೆ ಸಡಿಲವಾಯಿತು, ಆಮೇಲೆ ನನ್ನೆದುರು ಅವರೂ ಬಾಯಿ ತೆರೆದರು.

ಗುಡಿಯಲ್ಲಿ ಎದ್ದ ನಗೆಗೆ ಹೊರಗೆ ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾದವು.

ಕ್ರಿಸ್ತರಾಜನ ಹಬ್ಬದ ದಿನ ಬಿಷಪ್ಪರು ನನ್ನ ಹೆಸರು ಕರೆದಾಗ ಸಿಸ್ಟರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅತ್ತರು, ಕೇಳಿದರೆ ಧೂಪದ ಹೊಗೆ ಎಂದರು. ನನ್ನ ಅಧಿಕಾರದಲ್ಲಿ ಕಾಯಿಲೆಯವರ ಮನೆಗೆ ಒಯ್ಯುವುದೂ ಸೇರಿತ್ತು.

ಅದರ ಮುಂದಿನ ಭಾನುವಾರ ಆರಾಧನೆ ಮುಗಿಸಿ ನಾನೊಬ್ಬಳೇ ಕಾಲುವೆ ದಂಡೆ ಹಿಡಿದು ತೋಟದ ಮನೆಗೆ ಹೋದೆ. ಆ ಸಲ ಹಿಂದೆ ಮೆರವಣಿಗೆ ಇರಲಿಲ್ಲ, ಹಾಡಿರಲಿಲ್ಲ. ಸವರಪ್ಪ ತಾತ ಆಗಲೇ ಮುಖ ತೊಳೆಸಿಕೊಂಡು, ಒಗೆದ ಅಂಗಿ ತೊಟ್ಟು, ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು. ಪರಮಪ್ರಸಾದ ಕೊಟ್ಟೆ. ಪ್ರಾರ್ಥನೆ ಮುಗಿದ ಮೇಲೆ, ನಾನು ಬರುತ್ತೇನೆ ಎಂದು ಹೇಗೆ ಗೊತ್ತಿತ್ತು ಎಂದು ಕೇಳಿದೆ.

‘ಮಲಗಿದೋನಿಗೆ ಎಲ್ಲಾ ದಿನಾನೂ ಒಂದೇ ಕಣವ್ವ. ಸೋಮವಾರ ಯಾವ್ದು, ಶುಕ್ರವಾರ ಯಾವ್ದು, ಕೇಳೋದೇ ಬಿಟ್ಟಿದ್ದೆ’ ಎಂದರು. ‘ಈ ವಾರ ಮಾತ್ರ ಬೆಳಗಾದ ತಕ್ಷಣ ಇವಳ್ನ ಕೇಳ್ತಾ ಬಂದೆ, ಇವತ್ತು ಭಾನುವಾರನಾ, ಇವತ್ತು ಭಾನುವಾರನಾ ಅಂತ. ಇವತ್ತು ಹೂಂ ಅಂದ್ಲು.’